ಓರಗಿತ್ತಿಯ ಉಸಿರು

ಲಾಂಡ್ರಿಯ ಕೌಂಟರಿನ ಹಿಂದಿನ ಕುರ್ಚಿಯಲ್ಲಿ ದೊಡ್ಡ ಸೊಸೆ ಹನ್ನೊಂದು ವರ್ಷ ಕೂತಿದ್ದಳು. ಅದೇನು ಸಿಂಹಾಸನವಲ್ಲ. ಒಂದು ಕೈ ಮುರಿದು, ಕೂರುವ ಕಡೆ ಸ್ಪಂಜು ಹೊರಗಿಣುಕುವ ಹಳೇ ಕುರ್ಚಿ. ಆದರೆ ಅಲ್ಲಿ ಕೂತರೆ ಫ್ಯಾನಿನ ಗಾಳಿ ನೇರ ಮುಖಕ್ಕೆ ಬರುತ್ತಿತ್ತು, ಬೀದಿ ಕಾಣುತ್ತಿತ್ತು, ಬಂದವರೆಲ್ಲ "ನನ್ನ ಕೋಟು ಆಯ್ತಾ?" ಎಂದು ಅವಳನ್ನೇ ಕೇಳಬೇಕಿತ್ತು. ಯಾರ ಅಂಗಿಗೆ ಯಾವ ಗುಂಡಿ ಇಲ್ಲ, ಯಾರ ಕಾಲರಿನಲ್ಲಿ ಯಾವ ಕಲೆ, ಎಲ್ಲ ಅವಳಿಗೆ ಬಾಯಿಪಾಠ. ಗಿರಾಕಿ ಬೆನ್ನು ತಿರುಗಿಸಿದ್ದೇ ತಡ, ಅವರ ಕೆಮ್ಮು, ನಡಿಗೆ, ಮಾತಿನ ಧಾಟಿ ಎಲ್ಲವನ್ನೂ ಅಣಕಿಸಿ ತೋರಿಸುತ್ತಿದ್ದಳು. ಅಣಕಿಸುವುದರಲ್ಲಿ ಅವಳದು ಎತ್ತಿದ ಕೈ. ಒಮ್ಮೆ ಹೆಡ್‌ಮಾಸ್ಟರ ಸೀನನ್ನು ಎಷ್ಟು ಚೆನ್ನಾಗಿ ಸೀನಿದ್ದಳೆಂದರೆ, ಆಗಲೇ ಬಾಗಿಲು ದಾಟಿದ್ದ ಹೆಡ್‌ಮಾಸ್ಟರು ತಿರುಗಿ ನೋಡಿ, ತಾವೇ ಸೀನಿದೆವೇನೋ ಎಂದು ಮೂಗು ಒರೆಸಿಕೊಂಡು ಹೋಗಿದ್ದರು.

ಆ ಕುರ್ಚಿ ಕೈತಪ್ಪಿದ್ದು ಒಂದು ಮಧ್ಯಾಹ್ನದ ಊಟದ ಹೊತ್ತಿನಲ್ಲಿ.

ಅದಕ್ಕೆ ಎರಡು ತಿಂಗಳ ಹಿಂದೆ ಚಿಕ್ಕ ಸೊಸೆಗೆ ನ್ಯುಮೋನಿಯ ಆಗಿ, ಬದುಕುವುದೇ ಕಷ್ಟ ಎನ್ನುವಷ್ಟು ಜೋರಾಗಿತ್ತು. ಮೂರು ವಾರ ಗಂಟಲೊಳಗೆ ಕೊಳವೆ ಇಳಿಸಿ, ಯಂತ್ರ ಅವಳ ಬದಲು ಉಸಿರಾಡಿತು. ಹುಷಾರಾಗಿ ಮನೆಗೆ ಬಂದಾಗ ಇಡೀ ಮನೆ ಅವಳನ್ನು ಗಾಜಿನ ಲೋಟದ ಹಾಗೆ ಎತ್ತಿ ಇಳಿಸಿತು. ತಿಂಗಳು ಕಳೆದ ಮೇಲೆ ಮೆಟ್ಟಿಲು ಹತ್ತುವಾಗ ಅವಳ ಉಸಿರಿನಲ್ಲಿ ಏನೋ ಶಬ್ದ ಶುರುವಾಯಿತು. ಬೀದಿ ಕೊನೆಯ ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟು, ಇದು ಉಬ್ಬಸ, ಹಬೆ ಮತ್ತು ಬಟ್ಟೆಯ ಧೂಳು ಒಗ್ಗಿಲ್ಲ ಎಂದು ಹೇಳಿ, ಬಾಯಿಗೆ ಊದಿಕೊಳ್ಳುವ ಔಷಧಿ ಕೊಟ್ಟು ಕಳಿಸಿದರು.

"ನಾಳೆಯಿಂದ ಚಿಕ್ಕವಳು ಮುಂದೆ ಕೂರ್ಲಿ," ಎಂದರು ಅತ್ತೆ, ಅನ್ನ ಬಡಿಸುತ್ತಾ. "ಹಬೆ ಕುಡಿದ್ರೆ ಅವಳಿಗೆ ಆಗಲ್ಲ. ದೊಡ್ಡವಳೇ, ನೀನು ಹಿಂದೆ ಇಸ್ತ್ರಿ ನೋಡ್ಕೋ."

"ನಾನಾ?"

"ಮತ್ತೆ ನಾನು ನೋಡ್ಕೊಳ್ಲಾ, ಈ ಮಂಡಿ ಇಟ್ಕೊಂಡು?"

"ಗಿರಾಕಿಗಳೆಲ್ಲ ನನಗೇ ಪರಿಚಯ, ಅತ್ತೆ. ಅವಳಿಗೆ ಚೀಟಿ ಹರಿಯೋಕೂ ಬರಲ್ಲ."

"ಕಲಿತ್ಕೋತಾಳೆ. ನೀನು ಬರುವಾಗ ಕಲಿತು ಬಂದಿದ್ಯಾ?"

ಚಿಕ್ಕವಳು ತಟ್ಟೆಯಲ್ಲಿ ಬೆರಳಾಡಿಸುತ್ತಾ, "ಬೇಡ ಅತ್ತೆ, ನಾನು ಹಿಂದೇನೇ ಇರ್ತೀನಿ. ಅಕ್ಕನಿಗೆ ತೊಂದರೆ," ಎಂದಳು. ಅವಳು ಹಾಗೆ ಮೆತ್ತಗೆ ಅಂದದ್ದೇ ದೊಡ್ಡವಳಿಗೆ ಮೈಯೆಲ್ಲ ಉರಿಸಿತು. ಬೇಡ ಅಂದವಳಿಗೇ ಎಲ್ಲ ಸಿಗುವುದು. ತಾನು ಬೇಕು ಬೇಕು ಎಂದು ಬಾಯಿ ಬಿಟ್ಟು ಹೇಳಿದರೂ ಈ ಮನೆಯಲ್ಲಿ ಯಾರ ಕಿವಿಗೂ ಬೀಳದು.

ಹಿಂದಿನ ಕೋಣೆಯಲ್ಲಿ ಎರಡು ಒಗೆಯುವ ಯಂತ್ರ, ಒಂದು ಹಬೆಯ ಇಸ್ತ್ರಿ, ಕೈಗೆಟುಕದ ಎತ್ತರದಲ್ಲಿ ಒಂದೇ ಒಂದು ಕಿಟಕಿ. ಯಂತ್ರಗಳನ್ನು ಚಿಕ್ಕವಳ ಗಂಡ, ಅವಳ ಮೈದುನ, ನೋಡಿಕೊಳ್ಳುತ್ತಿದ್ದ, ಅವನು ಮಾತಿಗೆ ಸಿಗುವವನಲ್ಲ. ದೊಡ್ಡವಳ ಗಂಡ ವ್ಯಾನಿನಲ್ಲಿ ಬಟ್ಟೆ ತಲುಪಿಸಲು ಹೋದರೆ ಊಟಕ್ಕೇ ಬರುವುದು. ಬೆಳಗಿನಿಂದ ಸಂಜೆಯವರೆಗೆ ಅವಳು ಬೇರೆಯವರ ತೋಳು, ಬೇರೆಯವರ ಬೆನ್ನು ಇಸ್ತ್ರಿ ಮಾಡಿದಳು. ಮುಂದಿನಿಂದ ನಗು ಕೇಳಿಸುತ್ತಿತ್ತು. ಚೀಟಿ ಹರಿಯಲು ಬಾರದವಳು ಮೂರೇ ದಿನದಲ್ಲಿ ಕಲಿತಿದ್ದಳು. ಹೆಡ್‌ಮಾಸ್ಟರು, "ಹೇಗಿದೀರಮ್ಮ ಈಗ, ಉಸಿರು ಪರವಾಗಿಲ್ವಾ?" ಎಂದು ವಿಚಾರಿಸುತ್ತಿದ್ದರು. ಹನ್ನೊಂದು ವರ್ಷದಲ್ಲಿ ದೊಡ್ಡವಳ ಉಸಿರನ್ನು ಅವರು ಒಮ್ಮೆಯೂ ವಿಚಾರಿಸಿರಲಿಲ್ಲ.

ಹೊಟ್ಟೆಕಿಚ್ಚು ಬಂತೇ ಎಂದರೆ, ಬಂತು. ಮುಚ್ಚಿಟ್ಟುಕೊಳ್ಳುವುದೇನಿದೆ. ಚಿಕ್ಕವಳ ತಟ್ಟೆಗೆ ಬಿದ್ದ ಬೇಯಿಸಿದ ಮೊಟ್ಟೆಯನ್ನು ಎಣಿಸುವಷ್ಟು ಬಂತು. ಅತ್ತೆ ಅವಳಿಗೆ ಹಾಲು ಬಿಸಿ ಮಾಡಿದರೆ ಪಾತ್ರೆಯ ಸದ್ದಿನಲ್ಲೇ ಎಷ್ಟು ಹಾಲು ಎಂದು ಗೊತ್ತಾಗುವಷ್ಟು ಬಂತು.

ಮತ್ತು ಅವಳು ಚಿಕ್ಕವಳ ಉಸಿರನ್ನು ಗಮನಿಸತೊಡಗಿದಳು. ಊಟಕ್ಕೆ ಕೂತಾಗ ಶಬ್ದವಿಲ್ಲ. ಟಿವಿ ನೋಡುವಾಗ ಇಲ್ಲ. ಬಕೆಟ್ ಎತ್ತು ಅಂದರೆ ಇದೆ. ಮೂರನೇ ಮಹಡಿಗೆ ಬಟ್ಟೆ ಒಣಹಾಕಲು ಹೋಗು ಅಂದರೆ ಬೀದಿಗೆಲ್ಲ ಕೇಳುವಷ್ಟಿದೆ.

"ನಾಟಕ," ಎಂದಳು ಗಂಡನಿಗೆ. "ಕೆಲಸ ಕಂಡ್ರೆ ಬರೋ ಉಬ್ಬಸ ಎಲ್ಲಾದ್ರೂ ಉಂಟಾ?"

"ಸುಮ್ನಿರು, ಕೇಳಿಸ್ಕೊಂಡಾಳು."

"ಕೇಳಿಸ್ಕೊಳ್ಲಿ. ಹೇಗೆ ಮಾಡ್ತಾಳೆ ಗೊತ್ತಾ? ನೋಡಿ." ಅವಳು ಇಸ್ತ್ರಿ ಪೆಟ್ಟಿಗೆ ಬದಿಗಿಟ್ಟು, ಒಂದು ಕೈಯನ್ನು ಗೋಡೆಗಿಟ್ಟು, ಕತ್ತು ಮುಂದೆ ಚಾಚಿ, ಉಸಿರೆಳೆದುಕೊಂಡಳು. ಬಾಗಿಲ ಸಂದಿಯಲ್ಲಿ ಗಾಳಿ ನುಗ್ಗಿದ ಹಾಗೆ, ಒರಟಾದ, ಉದ್ದನೆಯ ಒಂದು ಸದ್ದು. ಗಂಡನಿಗೆ ನಗು ತಡೆಯಲಾಗಲಿಲ್ಲ. ಮೈದುನ ಆಚೆ ಹೋಗಿದ್ದ, ಪುಣ್ಯ. ಸ್ಕೂಲಿನಿಂದ ಬಂದು ಬಾಗಿಲಲ್ಲಿ ನಿಂತಿದ್ದ ಮಗಳು ಮಾತ್ರ ನಗಲಿಲ್ಲ.

"ಅಮ್ಮ, ಹಾಗೆ ಮಾಡ್ಬೇಡ. ಚಿಕ್ಕಮ್ಮಂಗೆ ನಿಜವಾಗ್ಲೂ ಆಗಲ್ಲ."

"ನಿನಗೆ ಚಿಕ್ಕಮ್ಮನೇ ಹೆಚ್ಚು, ಗೊತ್ತಿದೆ. ಹೋಗಿ ಸಾಕ್ಸು ಬಿಚ್ಚು."

ಅಲ್ಲಿಂದಾಚೆಗೆ ಬೇಸರ ಬಂದಾಗಲೆಲ್ಲ ಆ ಸದ್ದು ಮಾಡುವುದು ಅವಳಿಗೆ ರೂಢಿಯಾಯಿತು. ಒಬ್ಬಳೇ ಇದ್ದಾಗಲೂ ಮಾಡುತ್ತಿದ್ದಳು, ಒಂದೊಂದು ಅಂಗಿಗೆ ಒಂದೊಂದು ಸಲ. ಚಿಕ್ಕವಳ ಉಸಿರು ವಾರದಿಂದ ವಾರಕ್ಕೆ ಬದಲಾದ ಹಾಗೆ ಇವಳ ಅಣಕವೂ ಬದಲಾಯಿತು. ಮೊದಲು ಮೂರನೇ ಮಹಡಿಯಲ್ಲಿ ಬರುತ್ತಿದ್ದ ಸದ್ದು ಈಗ ಮೊದಲನೇ ಮೆಟ್ಟಿಲಿನಲ್ಲೇ ಬರುತ್ತಿತ್ತು, ಇನ್ನಷ್ಟು ಸಣ್ಣಗೆ, ಇನ್ನಷ್ಟು ಚೂಪಾಗಿ.

ಒಂದು ದಿನ ಚಿಕ್ಕವಳು ಮೆಟ್ಟಿಲಲ್ಲೇ ಕೂತುಬಿಟ್ಟಳು. ತುಟಿ ನೀಲಿಯಾಗಿತ್ತು. ಊದುವ ಔಷಧಿಯನ್ನು ನಾಲ್ಕು ಸಲ ಊದಿಕೊಂಡರೂ ಇಳಿಯಲಿಲ್ಲ. ಮರುದಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಯಾರು ಎಂದಾಗ, ಮೈದುನನಿಗೆ ಹೋಟೆಲಿನ ನೂರು ಹಾಸಿಗೆ ಹೊದಿಕೆ ತುರ್ತಾಗಿ ಕೊಡುವುದಿತ್ತು, ಅತ್ತೆಗೆ ಮಂಡಿ. ಉಳಿದವಳು ದೊಡ್ಡವಳು.

"ಇಸ್ತ್ರಿ ಯಾರು ಮಾಡ್ತಾರೆ?" ಎಂದು ಕೇಳಿ ನೋಡಿದಳು.

"ಒಂದಿನ ಸುಕ್ಕಾದ್ರೆ ಪ್ರಪಂಚ ಮುಳುಗಲ್ಲ. ಹೋಗ್ಬಾ," ಎಂದರು ಅತ್ತೆ.

ಆಸ್ಪತ್ರೆಯಲ್ಲಿ ಬೆಂಚಿನ ಮೇಲೆ ಎರಡು ಗಂಟೆ ಕಾದರು. ಕೂತೂ ಕೂತೂ ಚಿಕ್ಕವಳ ಉಸಿರು ಸಮಾಧಾನವಾಗಿ, ಒಳಗೆ ಕರೆದಾಗ ಹಿಂದಿನ ದಿನ ನೀಲಿಯಾದವಳು ಇವಳೇ ಎಂದರೆ ನಂಬುವಂತಿರಲಿಲ್ಲ. ಶ್ವಾಸಕೋಶದ ಡಾಕ್ಟರಮ್ಮ ಎದೆ, ಬೆನ್ನು ಎಲ್ಲ ನೋಡಿ, "ಎದೆಯಲ್ಲಿ ಏನೂ ಕೇಳಿಸ್ತಿಲ್ವಲ್ಲ. ಶಬ್ದ ಹೇಗಿರುತ್ತೆ?" ಎಂದರು.

"ಹೇಗೆ ಹೇಳೋದು ಮೇಡಂ, ಒಂಥರಾ ಕೊರಕೊರ..." ಎಂದಳು ಚಿಕ್ಕವಳು.

"ಕೊರಕೊರ ಅಲ್ಲ," ಎಂದಳು ದೊಡ್ಡವಳು. ತಪ್ಪಾಗಿ ಅಣಕಿಸುವುದನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಅಷ್ಟು ಹೊತ್ತು ಕೂತು ಬೇಸತ್ತಿದ್ದಳು ಬೇರೆ. "ಹೀಗೆ." ಮೇಜಿಗೆ ಕೈಕೊಟ್ಟು, ಕತ್ತು ಚಾಚಿ, ಉಸಿರೆಳೆದಳು.

ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿದರು. "ಇನ್ನೊಂದ್ಸಲ ಮಾಡಿ." ಮಾಡಿದಳು. "ಉಸಿರು ಒಳಗೆ ಎಳ್ಕೊಳ್ಳೋವಾಗಲೇ ಬರುತ್ತಾ? ಹೊರಗೆ ಬಿಡೋವಾಗ ಅಲ್ವಾ?"

"ಎಳ್ಕೊಳ್ಳೋವಾಗಲೇ ಜೋರು. ಬಿಡೋವಾಗ ಇಷ್ಟೇ," ಎಂದು ಅದನ್ನೂ ಮಾಡಿ ತೋರಿಸಿದಳು. "ಮೊದಲು ದಪ್ಪಗೆ ಬರ್ತಿತ್ತು. ಒಂದು ತಿಂಗಳಿಂದ ಹೀಗೆ ಸಣ್ಣಗಾಗಿದೆ."

"ಉಬ್ಬಸ ಆದ್ರೆ ಸಾಮಾನ್ಯವಾಗಿ ಬಿಡೋವಾಗ ಶಬ್ದ ಬರೋದು, ಅದೂ ಎದೆಯಿಂದ. ಇದು ಕತ್ತಿನ ಹತ್ತಿರದ ಶಬ್ದ," ಎಂದು ಡಾಕ್ಟರಮ್ಮ ಚಿಕ್ಕವಳನ್ನು ಎರಡು ಮಹಡಿ ಹತ್ತಿಸಿ ಇಳಿಸಿ, ಕತ್ತಿನ ಮೇಲೆ ಸ್ಟೆತಸ್ಕೋಪ್ ಇಟ್ಟರು. ಅಣಕ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಬಸ್ಸಿನಲ್ಲಿ ಮನೆಗೆ ಬರುವಾಗ ಚಿಕ್ಕವಳು ಬಹಳ ಹೊತ್ತು ಕಿಟಕಿಯ ಆಚೆ ನೋಡುತ್ತಿದ್ದಳು. ಆಮೇಲೆ ಕೇಳಿದಳು, "ಅಷ್ಟು ಸರಿಯಾಗಿ ಬರ್ಬೇಕಾದ್ರೆ ತುಂಬಾ ಸಲ ಮಾಡಿರ್ಬೇಕು ಅಲ್ವಾ, ಅಕ್ಕ?"

ದೊಡ್ಡವಳು ಟಿಕೆಟನ್ನು ಮಡಚಿದಳು, ಮತ್ತೆ ಮಡಚಿದಳು.

ಮುಂದಿನ ವಾರ ಗಂಟಲೊಳಗೆ ಕ್ಯಾಮೆರಾ ಇಳಿಸಿ ನೋಡಿದರು. ಬೆರಳು ಹೋಗುವಷ್ಟು ಅಗಲ ಇರಬೇಕಾದ ಉಸಿರಿನ ಕೊಳವೆ ಒಂದು ಕಡೆ ಪೆನ್ಸಿಲ್ಲಿನಷ್ಟೇ ಉಳಿದಿತ್ತು. ಡಾಕ್ಟರಮ್ಮ ಕಾಗದದ ಮೇಲೆ ಚಿತ್ರ ಬರೆದು ಮನೆಯವರಿಗೆಲ್ಲ ವಿವರಿಸಿದರು. ಉಸಿರಾಟದ ಯಂತ್ರದಲ್ಲಿ ಇಟ್ಟಾಗ ಗಂಟಲಿಗೆ ಇಳಿಸಿದ ಕೊಳವೆಯ ತುದಿಯಲ್ಲಿ, ಗಾಳಿ ಸೋರದಿರಲೆಂದು, ಒಂದು ಪುಟ್ಟ ಬಲೂನು ಇರುತ್ತದೆ. ಅದು ದಿನಗಟ್ಟಲೆ ಒತ್ತಿದ ಜಾಗ ಒಳಗೆ ಹುಣ್ಣಾಗಿದೆ. ಹುಣ್ಣು ಮಾಯುವಾಗ ಗಾಯದ ಕಲೆ ಸುತ್ತಲೂ ಬಿಗಿಯಾಗುತ್ತಾ ಬಂದಿದೆ.

"ಪೈಜಾಮದ ಲಾಡಿ ಎಳೆದ ಹಾಗಾ?" ಎಂದರು ಅತ್ತೆ.

"ಹಾಗೇ ಅನ್ಕೊಳ್ಳಿ. ಯಾರ ತಪ್ಪೂ ಅಲ್ಲ. ಆ ಕೊಳವೆ ಇಲ್ದಿದ್ರೆ ಅವರು ಬದುಕ್ತಿರ್ಲಿಲ್ಲ. ಈಗ ಇನ್ನೊಂದು ಬಲೂನು ಹಾಕಿ ಒಳಗಿಂದ ಅಗಲ ಮಾಡ್ತೀವಿ. ಕೆಲವರಿಗೆ ಅಷ್ಟರಲ್ಲೇ ಸರಿಹೋಗುತ್ತೆ. ಕೆಲವರಿಗೆ ಮತ್ತೆ ಬಿಗಿಯುತ್ತೆ. ಶಬ್ದ ತಿರುಗಿ ಬಂದ್ರೆ ಒಂದು ದಿನಾನೂ ಕಾಯ್ಬೇಡಿ. ಶೀತ ಆಗಿ ಒಂದು ಚೂರು ಕಫ ಅಲ್ಲಿ ಸಿಕ್ಕಿಕೊಂಡ್ರೂ ದಾರಿ ಮುಚ್ಚಿಹೋಗುತ್ತೆ."

ಬಲೂನಿನಿಂದ ಆದದ್ದನ್ನು ಬಲೂನೇ ಸರಿಮಾಡುತ್ತದಂತೆ ಎಂದು ಅತ್ತೆ ಬಂದವರಿಗೆಲ್ಲ ಹೇಳಿಕೊಂಡು ತಿರುಗಿದರು. ಅಗಲ ಮಾಡಿಸಿಕೊಂಡು ಬಂದ ಚಿಕ್ಕವಳು ಮಾರನೇ ದಿನವೇ ಸದ್ದಿಲ್ಲದೆ ಮೂರು ಮಹಡಿ ಹತ್ತಿ ಇಳಿದಳು. ಕಾಯಿಲೆ ಉಬ್ಬಸವಲ್ಲ ಎಂದ ಮೇಲೆ ಹಬೆಯ ಭಯವೂ ಇಲ್ಲ. ಎರಡು ವಾರ ಕಳೆದ ಮೇಲೆ ಅತ್ತೆ, "ಇನ್ನು ಅವರವರ ಜಾಗಕ್ಕೆ ಅವರವರು," ಎಂದರು. ದೊಡ್ಡವಳು ಕುರ್ಚಿ ಒರೆಸಿ, ಸ್ಪಂಜನ್ನು ಒಳಗೆ ತುರುಕಿ ಕೂತಳು. ಫ್ಯಾನಿನ ಗಾಳಿ ಮುಖಕ್ಕೆ ಬಡಿದಾಗ ಅವಳಿಗೆ ಅಳುವೇ ಬಂದಿತು.

ಮೂರು ವಾರ ಚೆನ್ನಾಗಿತ್ತು. ದೊಡ್ಡವಳು ಚಿಕ್ಕವಳಿಗೆ ತಾನಾಗಿಯೇ ಟೀ ತಂದುಕೊಟ್ಟಳು. ನ್ಯಾಯವಾಗಿ ಹೇಳಬೇಕೆಂದರೆ, ತನ್ನ ಜಾಗ ತನಗೆ ಸಿಕ್ಕಿದ ಮೇಲೆ ಒಳ್ಳೆಯವಳಾಗುವುದು ಅಷ್ಟೇನೂ ಕಷ್ಟವಲ್ಲ.

ಬುಧವಾರ ಬೆಳಿಗ್ಗೆ ಹೆಡ್‌ಮಾಸ್ಟರ ಕೋಟಿಗೆ ಚೀಟಿ ಬರೆಯುತ್ತಿದ್ದಾಗ ಹಿಂದಿನ ಕೋಣೆಯಿಂದ ಅದು ಕೇಳಿಸಿತು. ಯಂತ್ರದ ಗದ್ದಲದ ನಡುವೆ, ಒಂದೇ ಒಂದು ಎಳೆ. ಅಲ್ಲೇ ಪಕ್ಕದಲ್ಲಿದ್ದ ಮೈದುನನಿಗೆ ಕೇಳಲಿಲ್ಲ, ಬಾಗಿಲಲ್ಲಿ ಗುಂಡಿ ಹೊಲಿಯುತ್ತಿದ್ದ ಅತ್ತೆಗೂ ಕೇಳಲಿಲ್ಲ. ದೊಡ್ಡವಳ ಪೆನ್ನು ನಿಂತಿತು.

"ಏನಮ್ಮಾ, ತಾರೀಕು ಮರೆತ್ರಾ?" ಎಂದರು ಹೆಡ್‌ಮಾಸ್ಟರು.

"ಇಲ್ಲ ಸಾರ್. ಶನಿವಾರ ಬನ್ನಿ."

ಯಂತ್ರದ ಬೆಲ್ಟು ಇರಬೇಕು ಎಂದುಕೊಂಡಳು. ಬೆಲ್ಟಲ್ಲ ಎಂದು ಅವಳಿಗೆ ಗೊತ್ತಿತ್ತು. ಈಗ ಎದ್ದು ಹೋಗಿ ಹೇಳಿದರೆ ಮತ್ತೆ ಆಸ್ಪತ್ರೆ, ಮತ್ತೆ ಹಾಲು, ಮತ್ತೆ ಮೊಟ್ಟೆ, ಮತ್ತೆ ಈ ಕುರ್ಚಿಯೂ ಅವಳಿಗೇ. ಗಿರಾಕಿ ಹೋಗಲಿ, ಆಮೇಲೆ ಹೇಳೋಣ ಎಂದುಕೊಂಡಳು. ಗಿರಾಕಿ ಹೋದ. ಇನ್ನೊಬ್ಬ ಬಂದ.

ಗುರುವಾರವೂ ಕೇಳಿಸಿತು. ನಾಳೆ ಸರಿಯಾಗಿ ಕೇಳಿಸಿಕೊಂಡು ಹೇಳೋಣ ಎಂದುಕೊಂಡಳು. ಶುಕ್ರವಾರ ಊಟಕ್ಕೆ ಕೂತಾಗ ಚಿಕ್ಕವಳು ಮೆಲ್ಲಗೆ, ಒಂದೊಂದೇ ತುತ್ತು ಎಣಿಸಿದ ಹಾಗೆ ಉಣ್ಣುತ್ತಿದ್ದಳು. "ಯಾಕೆ, ರುಚಿಯಾಗಿಲ್ವಾ?" ಎಂದರು ಅತ್ತೆ. "ಚೆನ್ನಾಗಿದೆ ಅತ್ತೆ, ಹಸಿವಿಲ್ಲ." ದೊಡ್ಡವಳು ತಲೆ ತಗ್ಗಿಸಿಕೊಂಡು ಅನ್ನ ಕಲಸಿದಳು.

ಮಗಳು ಸ್ಕೂಲಿನಿಂದ ಹೊತ್ತು ತಂದಿದ್ದ ಶೀತ ಶನಿವಾರದ ಹೊತ್ತಿಗೆ ಮನೆಗೆಲ್ಲ ಹಬ್ಬಿತ್ತು. ಮಧ್ಯಾಹ್ನ ಹಿಂದಿನ ಕೋಣೆಯಿಂದ ಚಿಕ್ಕವಳು ಸೀನಿದ್ದು ಕೇಳಿಸಿತು. ಒಂದು, ಎರಡು. ಆಮೇಲೆ ಕೆಮ್ಮು. ಆಮೇಲೆ ಉಸಿರೆಳೆದ ಆ ಸದ್ದು, ಅರ್ಧಕ್ಕೇ ನಿಂತು, ಮತ್ತೆ ಕಷ್ಟಪಟ್ಟು ಮುಂದುವರಿದದ್ದು. ಕೌಂಟರಿನ ಮುಂದೆ ಐದು ಜನ ನಿಂತಿದ್ದರು. ದೊಡ್ಡವಳು ಯಾರದೋ ಅಂಗಿಯನ್ನು ಯಾರದೋ ಕೈಗೆ ಕೊಟ್ಟು ಹಿಂದಕ್ಕೆ ಓಡಿದಳು.

ಚಿಕ್ಕವಳು ಯಂತ್ರಕ್ಕೆ ಒರಗಿ ನಿಂತು, ಬಾಯಿಗೆ ಟವೆಲು ಒತ್ತಿಕೊಂಡಿದ್ದಳು. ಸದ್ದು ಆಚೆ ಬರದಿರಲಿ ಎಂದು.

"ಎಷ್ಟು ದಿನದಿಂದ?" ಎಂದಳು ದೊಡ್ಡವಳು.

"ಮಂಗಳವಾರ ಸಂಜೆಯಿಂದ."

"ಬಾಯಿ ಬಿಟ್ಟು ಹೇಳೋಕೇನಾಗಿತ್ತು ನಿನಗೆ? ಒಂದಿನಾನೂ ಕಾಯ್ಬೇಡಿ ಅಂದಿರ್ಲಿಲ್ವಾ?"

ಚಿಕ್ಕವಳು ಎರಡು ಸಲ ಉಸಿರೆಳೆದುಕೊಂಡು ಹೇಳಿದಳು, "ಮತ್ತೆ ನಿಮ್ಮ ಕುರ್ಚಿ ಮೇಲೆ ಕಣ್ಣು ಹಾಕ್ದೆ ಅಂತೀರ ಅಂತ. ಈಗ ತಾನೇ ನನ್ನ ಹತ್ರ ನಗ್ತಾ ಮಾತಾಡೋಕೆ ಶುರು ಮಾಡಿದ್ರಿ, ಅಕ್ಕ."

ದೊಡ್ಡವಳು ಅವಳನ್ನು ತೋಳಿನಡಿ ಹಿಡಿದುಕೊಂಡು, "ಎಲ್ಲಿ ಸತ್ರಿ ಎಲ್ಲಾ, ವ್ಯಾನು ತೆಗೀರಿ," ಎಂದು ಇಡೀ ಬೀದಿಗೆ ಕೇಳುವಂತೆ ಕೂಗಿದಳು.

ಆ ಸಂಜೆಯೇ ಆಸ್ಪತ್ರೆಯಲ್ಲಿ ಸೇರಿಸಿಕೊಂಡು, ತಾತ್ಕಾಲಿಕವಾಗಿ ಮತ್ತೆ ಅಗಲ ಮಾಡಿದರು. ಇನ್ನೆರಡು ದಿನ ಬಿಟ್ಟಿದ್ದರೆ ಕಷ್ಟವಿತ್ತು ಎಂದರು ಡಾಕ್ಟರಮ್ಮ. ಅಗಲ ಮಾಡಿದ್ದು ನಿಲ್ಲುತ್ತಿಲ್ಲ, ಆದ್ದರಿಂದ ಬಿಗಿದ ಭಾಗವನ್ನೇ ಕತ್ತರಿಸಿ ತೆಗೆದು, ಮೇಲಿನ ತುದಿ ಕೆಳಗಿನ ತುದಿ ಎರಡನ್ನೂ ಸೇರಿಸಿ ಹೊಲಿಯುವುದೇ ಸರಿ ಎಂದು ಶಸ್ತ್ರಚಿಕಿತ್ಸೆಯ ಡಾಕ್ಟರು ತೀರ್ಮಾನಿಸಿದರು. ಶೀತ ಪೂರ್ತಿ ಇಳಿದ ಮೇಲೆ ಆಪರೇಷನ್ ಆಯಿತು. ನಾಲ್ಕೂವರೆ ಗಂಟೆ ಹಿಡಿಯಿತು. ಹೊರಗೆ ಬಂದಾಗ ಚಿಕ್ಕವಳ ಗದ್ದವನ್ನು ಎದೆಗೆ ಸೇರಿಸಿ ದಪ್ಪ ದಾರದಲ್ಲಿ ಎರಡು ಹೊಲಿಗೆ ಹಾಕಿದ್ದರು. ಮರೆತು ತಲೆಯೆತ್ತಿದರೆ ಒಳಗಿನ ಹೊಲಿಗೆ ಎಳೆದು ಬಿಚ್ಚೀತು, ಅದಕ್ಕೇ ಒಂದು ವಾರ ಹೀಗೇ ತಗ್ಗಿಸಿಕೊಂಡಿರಬೇಕು, ಮಾತಾಡಬಾರದು ಎಂದರು. ಅತ್ತೆ ನೋಡಿ ಕಣ್ಣೊರೆಸಿಕೊಂಡರು. ಮೈದುನ ಗೋಡೆ ಕಡೆ ತಿರುಗಿ ನಿಂತ.

ಜೊತೆಗೆ ಯಾರಿರಲಿ ಎಂದು ಕೇಳಿದಾಗ ಚಿಕ್ಕವಳು ಕಾಗದದ ಮೇಲೆ 'ಅಕ್ಕ' ಎಂದು ಬರೆದಳು. ಕೆಳಗೆ ಇನ್ನೊಂದು ಸಾಲು ಸೇರಿಸಿದಳು: 'ಶಬ್ದ ಬಂದರೆ ಅವರಿಗೇ ಮೊದಲು ಗೊತ್ತಾಗೋದು.'

ಏಳು ದಿನ ದೊಡ್ಡವಳು ಆ ಹಾಸಿಗೆಯ ಪಕ್ಕ ಕೂತಿದ್ದಳು. ಕತ್ತಿನಡಿ ಟವೆಲು ಹಾಸಿ, ಮೆತ್ತಗಿನ ಗಂಜಿಯನ್ನು ಚಮಚದಲ್ಲಿ ಕೆಳಗಿನಿಂದ ಬಾಯಿಗೆ ಹಿಡಿಯುತ್ತಿದ್ದಳು. ತಲೆ ತಗ್ಗಿಸಿಕೊಂಡವಳಿಗೆ ಯಾರ ಮುಖವೂ ಕಾಣದು, ಇವಳ ಕೈ ಮಾತ್ರ ಕಾಣುವುದು. ಅದೇ ಒಳ್ಳೆಯದಾಯಿತು ಎಂದುಕೊಂಡಳು. ಅತ್ತೆ ದಿನಾ ಕ್ಯಾರಿಯರಿನಲ್ಲಿ ಚಿಕ್ಕವಳಿಗೆಂದೇ ಸೂಪು ಮಾಡಿ ತರುತ್ತಿದ್ದರು, ಇವಳಿಗೆ ಬೆಳಿಗ್ಗೆ ಉಳಿದ ಬ್ರೆಡ್ಡು. ಅದನ್ನು ಕಂಡು ಹೊಟ್ಟೆಯಲ್ಲಿ ಹಳೆಯ ಉರಿ ಒಮ್ಮೆ ಎದ್ದಿತು ಕೂಡ. ಇಷ್ಟೆಲ್ಲ ಆದ ಮೇಲೂ ಏಳುತ್ತದಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಎಂಟನೇ ದಿನ ಡಾಕ್ಟರು ಬಂದು ಗದ್ದದ ಹೊಲಿಗೆ ಕತ್ತರಿಸಿದರು. ಮನೆಯವರೆಲ್ಲ ಬಂದಿದ್ದರು. ಚಿಕ್ಕವಳು ಮೆಲ್ಲಗೆ ಮುಖ ಎತ್ತಿದಳು, ಅರ್ಧದಲ್ಲಿ ನಿಂತು, ಮತ್ತೆ ಸ್ವಲ್ಪ ಎತ್ತಿದಳು. ದೀರ್ಘವಾಗಿ ಉಸಿರೆಳೆದುಕೊಂಡಳು. ಎಲ್ಲರೂ ಚಿಕ್ಕವಳನ್ನು ಬಿಟ್ಟು ದೊಡ್ಡವಳ ಮುಖ ನೋಡಿದರು.

"ಏನೂ ಇಲ್ಲ," ಎಂದಳು ದೊಡ್ಡವಳು. "ಒಂದೆಳೆಯೂ ಇಲ್ಲ."

ಅತ್ತೆ ಬಂದು ದೊಡ್ಡವಳ ತಲೆಯ ಮೇಲೆ ಕೈಯಿಟ್ಟರು. ಹನ್ನೊಂದು ವರ್ಷದಲ್ಲಿ ಇದೇ ಮೊದಲು. "ಇವತ್ತು ಈ ಮಗು ಕೂತು ಉಸಿರಾಡ್ತಿದೆ ಅಂದ್ರೆ ಅದು ನಿನ್ನ ಕಿವಿಯಿಂದ. ನಮಗ್ಯಾರಿಗೂ ಕೇಳಿಸ್ಲಿಲ್ಲ. ನೀನು ಕೇಳಿಸ್ದ ತಕ್ಷಣ ಎದ್ದು ಓಡಿದೆ. ಮನೆಗೆ ದೊಡ್ಡ ಸೊಸೆ ಅಂದ್ರೆ ಹೀಗಿರ್ಬೇಕು."

ಗಂಡ ಹೆಮ್ಮೆಯಿಂದ ನೋಡುತ್ತಿದ್ದ. ಮಗಳು ನೋಡುತ್ತಿದ್ದಳು. ಚಿಕ್ಕವಳು ಹೊಸದಾಗಿ ಎತ್ತಿದ ಮುಖದಲ್ಲಿ ಅವಳನ್ನೇ ನೋಡಿ ನಗುತ್ತಿದ್ದಳು. ಇಷ್ಟು ವರ್ಷ ಬಯಸಿದ ಮಾತು ಇದೇ. ತೆಗೆದುಕೊಂಡು ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ತಲೆಯ ಮೇಲಿನ ಆ ಕೈ ಬೆಚ್ಚಗಿತ್ತು.

"ತಕ್ಷಣ ಅಲ್ಲ, ಅತ್ತೆ," ಎಂದಳು. "ನನಗೆ ಬುಧವಾರವೇ ಕೇಳಿಸಿತ್ತು."

ಅತ್ತೆ ಮನಸ್ಸಿನಲ್ಲೇ ದಿನ ಎಣಿಸಿದರು. "ನೀನು ಓಡಿದ್ದು ಶನಿವಾರ."

"ಹೌದು."

"ಮತ್ತೆ ಬುಧವಾರದಿಂದ ಶನಿವಾರದ ತನಕ ಏನ್ ಮಾಡ್ತಿದ್ದೆ?"

"ಕುರ್ಚಿಯಲ್ಲಿ ಕೂತಿದ್ದೆ."

ತಲೆಯ ಮೇಲಿದ್ದ ಕೈ ಹಿಂದಕ್ಕೆ ಹೋಯಿತು. ದೊಡ್ಡವಳು ಕಾದಳು. ಬೈಯುತ್ತಾರೋ, ಅಳುತ್ತಾರೋ, ಏನಾದರೊಂದು ಸದ್ದು ಬರಲಿ ಎಂದು ಕಾದಳು. ಕೋಣೆಯಲ್ಲಿ ಚಿಕ್ಕವಳು ಉಸಿರಾಡುತ್ತಿದ್ದಳು, ಅದೂ ಕೇಳಿಸುತ್ತಿರಲಿಲ್ಲ.